ಓಡುತ್ತಾ, ಆಡುತ್ತಾ ಪ್ರಾರ್ಥನೆ: ಹೊಸದಾಗಿ ಶುರು ಮಾಡುವವರಿಗೆ

ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯ ಹೊತ್ತಿಗೆ ಸ್ವಲ್ಪ ಮಿಸುಕಿದರೂ ಅಜ್ಜಿ ತೊಡೆ ಚಿವುಟುತ್ತಿದ್ದರು. ಪ್ರಾರ್ಥನೆ ಅಂದರೆ ಮಂಡಿಯೂರಬೇಕು, ಕಣ್ಣು ಮುಚ್ಚಬೇಕು, ಅಲ್ಲಾಡಬಾರದು. ಮೈ ಅನ್ನುವುದು ಪ್ರಾರ್ಥನೆಗೆ ಅಡ್ಡ ಬರುವ ವಸ್ತು ಅಂತಲೇ ನಾನು ನಲವತ್ತು ದಾಟುವವರೆಗೂ ನಂಬಿದ್ದೆ.

ಆಮೇಲೆ ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತು. ದಿನಾ ಬೆವರು ಬರೋ ಹಾಗೆ ನಡೆಯಿರಿ ಅಂತ ಡಾಕ್ಟರ್ ಹೇಳಿದರು. ಬೆಳಿಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಸುತ್ತು ಹಾಕಲು ಶುರು ಮಾಡಿದೆ. ನಡಿಗೆ ನಿಧಾನವಾಗಿ ಓಟವಾಯಿತು. ಮೂರನೇ ತಿಂಗಳಲ್ಲಿ ಒಂದು ದಿನ ಜಿಟಿಜಿಟಿ ಮಳೆ. ಕೆಂಪು ಮಣ್ಣು ಶೂಗೆ ಮೆತ್ತಿಕೊಂಡು ಕಾಲು ಭಾರವಾಗಿತ್ತು. ತಲೆಯಲ್ಲಿ ತಮ್ಮನ ಜೊತೆಗಿನ ಸೈಟಿನ ಜಗಳ ಸುತ್ತುತ್ತಲೇ ಇತ್ತು. ಒಂಬತ್ತನೇ ಸುತ್ತಿನಲ್ಲಿ, ಹೊಂಗೆ ಮರದ ತಿರುವಿನ ಹತ್ತಿರ, ಆ ಜಗಳದ ಮಾತು ತಾನಾಗಿಯೇ ನಿಂತುಹೋಯಿತು. ಉಸಿರಿನ ಸದ್ದು, ಹೆಜ್ಜೆಯ ಸದ್ದು, ಅಷ್ಟೇ. ನನ್ನನ್ನು ಯಾರೋ ಹೊತ್ತುಕೊಂಡು ಹೋಗುತ್ತಿದ್ದಾರೆ ಅನ್ನಿಸಿತು. ಅರ್ಧ ನಿಮಿಷ ಇದ್ದಿರಬಹುದು. ನಾಯಿಯೊಂದು ಬೊಗಳಿತು, ಮತ್ತೆ ನಾನು ನಾನೇ ಆದೆ.

ಆ ಅರ್ಧ ನಿಮಿಷ ನನಗೆ ಬಹಳ ದೊಡ್ಡದು. ಮಂಡಿಯೂರಿ ವರ್ಷಗಟ್ಟಲೆ ಕೇಳಿದ್ದು ಕೆಸರಿನಲ್ಲಿ ಸಿಕ್ಕಿತ್ತು. ಈ ದಾರಿಯಲ್ಲಿ ಹೆಜ್ಜೆ ಇಡಬೇಕು ಅನ್ನುವವರಿಗೆ ನಾನು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಮೈಯ ಮೇಲಿನ ಮುನಿಸು ಬಿಡಿ

"ದೇಹಸಾಧನೆಯಿಂದ ಪ್ರಯೋಜನ ಕಮ್ಮಿ ಅಂತ ಪೌಲನೇ ತಿಮೊಥೇಯನಿಗೆ ಬರೆದಿದ್ದಾನಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಯೇಸುವಿನ ಪ್ರೇಷಿತ ಪೌಲ ತನ್ನ ಶಿಷ್ಯ ತಿಮೊಥೇಯನಿಗೆ ಹಾಗೆ ಬರೆದಿದ್ದಾನೆ. ಭಕ್ತಿಯ ಮುಂದೆ ಅದು ಚಿಕ್ಕದು ಅನ್ನುವುದು ಅವನ ಮಾತು. ಬೇಡ ಅಂತ ಅವನು ಹೇಳಲಿಲ್ಲ. ಅದೇ ಪೌಲ ಗ್ರೀಸಿನ ಕೊರಿಂಥ ಊರಿನವರಿಗೆ ಬರೆಯುವಾಗ ಓಟಗಾರನನ್ನು, ಮುಷ್ಟಿಕಾಳಗದವನನ್ನು ಎಳೆದು ತರುತ್ತಾನೆ. ಸುಮ್ಮನೆ ಅಲ್ಲ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರ ತಲೆಗೆ ಎಲೆಯ ಕಿರೀಟ. "ಅವರು ಬಾಡುವ ಕಿರೀಟಕ್ಕೆ ಓಡುತ್ತಾರೆ, ನಾವು ಬಾಡದ ಕಿರೀಟಕ್ಕೆ" ಅಂತ ಅವನು ಬರೆದಾಗ ಓದಿದವರ ಕಣ್ಣಮುಂದೆ ಆ ಎಲೆಗಳೇ ಬಂದಿರಬೇಕು.

ನಮ್ಮ ನಂಬಿಕೆಯ ಬುಡವೇ ದೇವರು ಮೈ ತೊಟ್ಟು ಬಂದ ಅನ್ನುವುದು. ಯೇಸು ಸ್ವಾಮಿ ನಡೆದು ನಡೆದು ದಣಿದು ಸಮಾರ್ಯದ ಬಾವಿಯ ಹತ್ತಿರ ಕೂತರು. ಸತ್ತು ಎದ್ದು ಬಂದ ದಿನವೂ ಎಮ್ಮಾವು ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರ ಜೊತೆ ಕಾಲ್ನಡಿಗೆಯಲ್ಲೇ ಹೋದರು. ಸುಮಾರು ಹನ್ನೊಂದು ಕಿಲೋಮೀಟರ್. ಅವರ ಮಾತು ಕೇಳಿ ಆ ಇಬ್ಬರ ಎದೆಯಲ್ಲಿ ಭಕ್ತಿಯ ಬೆಂಕಿ ಹೊತ್ತಿದ್ದು ಆ ದಾರಿಯಲ್ಲೇ.

ನಿಮ್ಮ ದಣಿವನ್ನು ಆರಿಸಿಕೊಳ್ಳಿ

ಎಲ್ಲರೂ ಓಡಬೇಕಿಲ್ಲ. ಹತ್ತು ವರ್ಷದವರಿದ್ದಾಗ ನಿಮಗೆ ಏನು ಮಾಡಿದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ? ಕೆರೆಯಲ್ಲಿ ಈಜುವುದಾ, ಸೈಕಲ್ಲಾ, ಬೆಟ್ಟ ಹತ್ತುವುದಾ? ಅದರ ಹತ್ತಿರ ಇರುವುದನ್ನೇ ಹಿಡಿಯಿರಿ. ತೋಟದಲ್ಲಿ ಗುದ್ದಲಿ ಹಿಡಿಯುವುದೂ ಆಗುತ್ತದೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದ ನಿಯಮದಲ್ಲಿ ಕೈಕೆಲಸಕ್ಕೆ ದಿನವೂ ಹೊತ್ತು ಗೊತ್ತು ಮಾಡಿದ್ದರು. ಸೋಮಾರಿತನ ಆತ್ಮದ ಶತ್ರು ಅಂತ ಆ ಅಧ್ಯಾಯ ಶುರುವಾಗುತ್ತದೆ.

ನಲವತ್ತು ದಾಟಿದವರು, ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕಂಡು ಬನ್ನಿ. ಎದೆ ಹಿಡಿದುಕೊಂಡ ಹಾಗೆ ಆದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಅದನ್ನು ತಪಸ್ಸು ಅಂತ ತಿಳಿದು ಮುಂದೆ ಹೋಗಬೇಡಿ.

ವಾರಕ್ಕೆ ಮೂರು ದಿನ, ಒಂದೊಂದು ಸಲ ನಲವತ್ತು ನಿಮಿಷ. ಶುರುವಿಗೆ ಇಷ್ಟು ಸಾಕು.

ಹೊರಡುವ ಮುಂಚೆ ಎರಡು ನಿಮಿಷ

ಫೋನ್ ಮನೆಯಲ್ಲೇ ಇರಲಿ. ಇಯರ್‌ಫೋನ್, ಹೆಜ್ಜೆ ಎಣಿಸುವ ವಾಚು ಎರಡೂ ಬೇಡ. ವಾಚು ಕೈಯಲ್ಲಿದ್ದರೆ ಗಮನವೆಲ್ಲ ಅದರ ಮೇಲೇ ಇರುತ್ತದೆ. ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಳ್ಳಿ. ಹಣೆ, ಎದೆ, ಎರಡು ಭುಜ. ನಿಧಾನವಾಗಿ ಮಾಡಿ ನೋಡಿ, ಇದೇ ಮೈಯಿಂದ ಮಾಡುವ ಮೊದಲ ಪ್ರಾರ್ಥನೆ. ಆಮೇಲೆ ಒಬ್ಬರ ಹೆಸರು ನೆನೆಯಿರಿ. ಆಸ್ಪತ್ರೆಯಲ್ಲಿರುವ ದೊಡ್ಡಮ್ಮ, ಕೆಲಸ ಕಳೆದುಕೊಂಡ ಗೆಳೆಯ, ಯಾರಾದರೂ ಸರಿ. "ಇವತ್ತಿನ ಬೆವರು ಅವರಿಗೆ" ಅನ್ನಿ. ಹೊರಡಿ.

ಹೆಜ್ಜೆ, ಉಸಿರು, ಹೆಸರು

ಮೊದಲ ಹತ್ತು ನಿಮಿಷ ಪ್ರಾರ್ಥನೆ ಮಾಡಲು ಹೋಗಲೇಬೇಡಿ. ಮೈ ಇನ್ನೂ ಬೆಚ್ಚಗಾಗಿರುವುದಿಲ್ಲ. ಮಂಡಿ ಗೊಣಗುತ್ತದೆ, ಉಸಿರು ತಾಳ ತಪ್ಪುತ್ತದೆ, ಮನಸ್ಸು ವಾಪಸ್ಸು ಮನೆಗೆ ಹೋಗೋಣ ಅನ್ನುತ್ತದೆ. ಅದನ್ನೆಲ್ಲ ಕೇಳಿಸಿಕೊಳ್ಳುತ್ತಾ ಮುಂದೆ ಹೋಗಿ. ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಒಂದು ಚಿಕ್ಕ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ.

ಉಸಿರು ಒಂದು ಹದಕ್ಕೆ ಬಂದ ಮೇಲೆ ಹೆಸರನ್ನು ಅದರ ಮೇಲೆ ಇಡಿ. ಪೂರ್ವದ ಆರ್ಥಡಾಕ್ಸ್ ಕ್ರೈಸ್ತ ಸಭೆಗಳ ಸನ್ಯಾಸಿಗಳು ನೂರಾರು ವರ್ಷಗಳಿಂದ ಒಂದು ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಜೊತೆ ಹೇಳಿಕೊಂಡು ಬಂದಿದ್ದಾರೆ. ದೇವಪುತ್ರ ಯೇಸುವೇ, ಪಾಪಿಯಾದ ನನ್ನ ಮೇಲೆ ದಯೆ ತೋರು ಅನ್ನುವುದು ಅದರ ಸಾರ. ಯೇಸು ಪ್ರಾರ್ಥನೆ ಅಂತಲೇ ಅದರ ಹೆಸರು. ಅವರು ಕೂತು ಹೇಳಿದ್ದನ್ನು ನಾನು ನಡೆಯುತ್ತಾ ಹೇಳುತ್ತೇನೆ, ನನ್ನ ಕನ್ನಡದಲ್ಲಿ, ಇನ್ನೂ ಚಿಕ್ಕದು ಮಾಡಿಕೊಂಡು.

"ಯೇಸು ಸ್ವಾಮಿ." ನಾಲ್ಕು ಅಕ್ಷರ. ಉಸಿರು ಒಳಗೆ, ನಾಲ್ಕು ಹೆಜ್ಜೆ.

"ದಯೆ ತೋರು." ನಾಲ್ಕು ಅಕ್ಷರ. ಉಸಿರು ಹೊರಗೆ, ನಾಲ್ಕು ಹೆಜ್ಜೆ.

ಬಿರುಸು ನಡಿಗೆಗೆ ಇದು ಸರಿಯಾಗಿ ಕೂರುತ್ತದೆ. ಓಡುವಾಗ ಒಂದು ಹೆಜ್ಜೆಗೆ ಎರಡು ಅಕ್ಷರ ಹಿಡಿಯಿರಿ. "ಯೇಸು" ಎಡಗಾಲು, "ಸ್ವಾಮಿ" ಬಲಗಾಲು, "ದಯೆ" ಎಡ, "ತೋರು" ಬಲ. ಆ ವೇಗಕ್ಕೆ ಎರಡೇ ಹೆಜ್ಜೆಗೆ ಉಸಿರು ತೆಗೆದುಕೊಳ್ಳಲು ಕಷ್ಟವಾದರೆ ಉಸಿರಿನ ಲೆಕ್ಕ ಬಿಟ್ಟುಬಿಡಿ, ಕಾಲಿನ ತಾಳ ಒಂದೇ ಇಟ್ಟುಕೊಳ್ಳಿ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಮೊದಮೊದಲು ಎಣಿಕೆ ತಪ್ಪುತ್ತದೆ, ಮತ್ತೆ ಹಿಡಿಯಿರಿ. ಎರಡು ವಾರ ಕಳೆಯುವಷ್ಟರಲ್ಲಿ ಕಾಲು ತಾನೇ ಹೇಳಲು ಶುರು ಮಾಡುತ್ತದೆ. ಬಸ್‌ಸ್ಟಾಪಿಗೆ ಓಡುವಾಗಲೂ ಹೇಳಿಕೊಳ್ಳುತ್ತಿದ್ದೀರಿ ಅಂತ ಒಂದು ದಿನ ನಿಮಗೇ ಗೊತ್ತಾಗುತ್ತದೆ.

ಜಪಸರ, ಅಂದರೆ ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ, ಇಷ್ಟವಿರುವವರು ಬೆರಳಿಗೆ ಹಾಕುವ ಹತ್ತು ಮಣಿಯ ಉಂಗುರ ಇಟ್ಟುಕೊಳ್ಳಬಹುದು. ಮೈದಾನದ ಒಂದು ಸುತ್ತಿಗೆ ಹತ್ತು ಮಣಿ. ಬೈಬಲಿನ ಕೀರ್ತನೆಯ ಸಾಲು ಬೇಕೆಂದವರಿಗೆ ಇಪ್ಪತ್ತಮೂರನೆಯದು ಇದ್ದೇ ಇದೆ.

ಏರು ಬಂದಾಗ

ಇದು ನನಗೆ ಬಹಳ ಹತ್ತಿರದ ಭಾಗ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇಟಲಿಯ ತೂರಿನ್ ಊರಿನಲ್ಲಿ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಅಂತ ಒಬ್ಬ ಹುಡುಗ ಇದ್ದ. 1901ರಲ್ಲಿ ಹುಟ್ಟಿದವನು. ಅಪ್ಪ ದೊಡ್ಡ ಪತ್ರಿಕೆಯ ಮಾಲೀಕರು. ಮಗ ಗಣಿ ಎಂಜಿನಿಯರಿಂಗ್ ಓದುತ್ತಿದ್ದ. ರಜೆ ಬಂದರೆ ಗೆಳೆಯರನ್ನು ಕಟ್ಟಿಕೊಂಡು ಆಲ್ಪ್ಸ್ ಬೆಟ್ಟ ಹತ್ತುವುದು, ದಾರಿಯಲ್ಲಿ ಜಪಸರ ಹೇಳುವುದು. ಊರಿನಲ್ಲಿದ್ದರೆ ಬಡವರ ಮನೆಗಳಿಗೆ ಔಷಧ, ಬಟ್ಟೆ ಹೊರುವುದು. ಟ್ರಾಮ್ ದುಡ್ಡನ್ನು ಯಾರಿಗೋ ಕೊಟ್ಟು ಊಟದ ಹೊತ್ತಿಗೆ ಮನೆಗೆ ಓಡಿಬರುತ್ತಿದ್ದ ಅಂತ ಹೇಳುತ್ತಾರೆ. 1925ರಲ್ಲಿ ಪೋಲಿಯೊ ತಗುಲಿ ಇಪ್ಪತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡ. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ ಬಂಡೆ ಹತ್ತುತ್ತಿರುವ ತನ್ನ ಫೋಟೊ ಮೇಲೆ "ಎತ್ತರದ ಕಡೆಗೆ" ಅಂತ ತನ್ನ ಭಾಷೆಯಲ್ಲಿ ಬರೆದಿದ್ದ. 2025ರ ಸೆಪ್ಟೆಂಬರ್ 7ರಂದು ಕಥೋಲಿಕ ಸಭೆ ಅವನನ್ನು ಸಂತ ಅಂತ ಸಾರಿತು.

ನನ್ನನ್ನು ಹಿಡಿಯುವುದು ಆ ಓಡಿಬರುವ ಚಿತ್ರ. ಅವನಿಗೆ ಬೆಟ್ಟ ಬೇರೆ, ಬಡವರ ಮನೆಯ ಮೆಟ್ಟಿಲು ಬೇರೆ ಆಗಿರಲಿಲ್ಲ. ಎರಡನ್ನೂ ಹತ್ತಿದ್ದು ಅದೇ ಕಾಲಿನಲ್ಲಿ.

ಹಾಗಾಗಿ ಏರು ಬಂದಾಗ, ಕಾಲು ಉರಿಯುವಾಗ, ಹೊರಡುವಾಗ ನೆನೆದ ಆ ಹೆಸರನ್ನು ಮತ್ತೆ ತನ್ನಿ. ಹೆಜ್ಜೆ ಚಿಕ್ಕದು ಮಾಡಿ. ಕಣ್ಣು ತುದಿಯ ಮೇಲೆ ಬೇಡ, ಮುಂದಿನ ಹತ್ತು ಹೆಜ್ಜೆಯ ಮೇಲಿರಲಿ. ನಾನು ಒಂದೊಂದು ಲೈಟುಕಂಬ ಲೆಕ್ಕ ಹಿಡಿಯುತ್ತೇನೆ. ಈ ಕಂಬದವರೆಗೆ ದೊಡ್ಡಮ್ಮನಿಗೆ. ಮುಂದಿನ ಕಂಬದವರೆಗೆ ಅವರನ್ನು ನೋಡಿಕೊಳ್ಳುವ ನರ್ಸ್‌ಗೆ. ದಣಿವು ಕಮ್ಮಿಯಾಗುವುದಿಲ್ಲ, ಆದರೆ ನನ್ನ ಮೇಲಿನ ಗಮನ ಕಮ್ಮಿಯಾಗುತ್ತದೆ.

ಉರಿ ಬೇರೆ, ಚುಚ್ಚು ಬೇರೆ. ತೊಡೆ, ಮೀನಖಂಡ ಪೂರ್ತಿ ಉರಿದರೆ ಅದು ಕೆಲಸದ ನೋವು. ಮಂಡಿಯ ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗಾದರೆ ಅದು ಪೆಟ್ಟು. ನಿಂತುಬಿಡಿ. ಯಾಕೋಬ ರಾತ್ರಿಯಿಡೀ ದೇವದೂತನ ಜೊತೆ ಕುಸ್ತಿಯಾಡಿ ತೊಡೆಯ ಕೀಲು ತಪ್ಪಿಸಿಕೊಂಡ, ನಿಜ. ಅದು ದೇವರು ಮುಟ್ಟಿದ್ದು. ನಾವಾಗಿ ಮೈ ಮುರಿದುಕೊಂಡು ಆಶೀರ್ವಾದ ಕೇಳಬಾರದು.

ಮಾತು ನಿಂತಾಗ

ಒಂದು ದಿನ ಹೆಸರು ಹೇಳುವುದೂ ನಿಂತುಹೋಗುತ್ತದೆ. ತಾಳ ಮಾತ್ರ ಉಳಿಯುತ್ತದೆ. ಆಗ ಏನು ಮಾಡಬೇಕು? ಏನೂ ಮಾಡಬೇಡಿ. ಹಿಡಿದುಕೊಳ್ಳಲು ಹೋದರೆ ಹೋಗಿಬಿಡುತ್ತದೆ. ನಾಳೆ ಅದೇ ಜಾಗದಲ್ಲಿ ಮತ್ತೆ ಬರಲಿ ಅಂತ ಕಾಯಲೂಬೇಡಿ. ನಾನು ಆ ಹೊಂಗೆ ಮರದ ತಿರುವಿನಲ್ಲಿ ವಾರಗಟ್ಟಲೆ ಕಾದೆ. ಬರಲಿಲ್ಲ. ಕಾಯುವುದು ಬಿಟ್ಟ ಮೇಲೆ, ಎಷ್ಟೋ ದಿನದ ನಂತರ, ಬೇರೆ ಊರಿನ ರಸ್ತೆಯಲ್ಲಿ ಬಂತು.

ಇದೆಲ್ಲ ಬರೀ ರಸಾಯನ ಅಲ್ವಾ, ಅಂತ ನನ್ನ ಮಗಳು ಕೇಳಿದಳು. ಅವಳು ಕೇಳಿದ್ದು ಸರಿಯಾಗಿಯೇ ಇದೆ. ತುಂಬ ಹೊತ್ತು ಓಡಿದಾಗ ಮೈಯೊಳಗೆ ಹಿತ ಕೊಡುವ ವಸ್ತುಗಳು ಹುಟ್ಟುತ್ತವೆ, ಮನಸ್ಸು ಹಗುರಾಗುತ್ತದೆ. ದೇವರನ್ನು ನಂಬದ ಓಟಗಾರರಿಗೂ ಆಗುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಈ ಮೈಯನ್ನು ಮಾಡಿದವನು ಮೈಯ ಮೂಲಕವೇ ಮುಟ್ಟಿದರೆ ಅದರಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ. ಪೌಲ ತಾನು ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟದ್ದನ್ನು ಬರೆಯುವಾಗ "ದೇಹದಲ್ಲಿದ್ದೆನೋ ದೇಹದ ಹೊರಗಿದ್ದೆನೋ ನಾನರಿಯೆ, ದೇವರೇ ಬಲ್ಲ" ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಅಷ್ಟು ದೊಡ್ಡ ಅನುಭವಕ್ಕೂ ಅವನು ಮೈಯನ್ನು ಹೊರಗಿಡಲಿಲ್ಲ.

ಆದರೆ ಹಿತ ಅನ್ನಿಸಿದ್ದೆಲ್ಲ ದೇವರಲ್ಲ. ಪರೀಕ್ಷೆ ಮಾಡುವುದು ಹೇಗೆ? ಅದರ ಫಲ ನೋಡಿ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪಟ್ಟಿಯೇ ಇದೆ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಹೀಗೆ. ಓಡಿ ಬಂದವರು ಹೆಂಡತಿ ಮೇಲೆ ರೇಗಿದರೆ ಆ ಓಟದಲ್ಲಿ ಏನೋ ತಪ್ಪಿದೆ. ಆ ಮಳೆಯ ದಿನ ಸಂಜೆ ನಾನು ತಮ್ಮನಿಗೆ ಫೋನ್ ಮಾಡಿದೆ. ಮೂರು ತಿಂಗಳಿಂದ ಮಾಡಿರಲಿಲ್ಲ. ಸೈಟಿನ ವಿಷಯ ಇವತ್ತಿಗೂ ಮುಗಿದಿಲ್ಲ, ಮಾತು ಮಾತ್ರ ನಡೆಯುತ್ತಿದೆ.

ಈಗ ಆಟ

ಓಟ, ನಡಿಗೆಗೆ ಒಂದು ಗುರಿ ಇರುತ್ತದೆ. ಆಟಕ್ಕೆ ಅದೂ ಇಲ್ಲ. ಬೀದಿಯಲ್ಲಿ ಓಡುವ ಮಗುವನ್ನು ಯಾಕೋ ಓಡ್ತಿದ್ದೀಯಾ ಅಂತ ಕೇಳಿ. "ಸುಮ್ನೆ" ಅನ್ನುತ್ತದೆ. ನಮ್ಮ ಭಾಷೆಯ ಈ ಮಾತು ನನಗೆ ಬಹಳ ಇಷ್ಟ. ಸುಮ್ನೆ ಅಂದರೆ ಕಾರಣವಿಲ್ಲದೆ. ಸುಮ್ನೆ ಅಂದರೆ ಶಾಂತವಾಗಿ. ವರಪ್ರಸಾದವೂ ಹಾಗೆಯೇ. ದುಡಿದು ಗಳಿಸಿದ್ದಲ್ಲ, ಸುಮ್ನೆ ಸಿಕ್ಕಿದ್ದು. ಆಡಲು ಬಾರದವರಿಗೆ ಅದನ್ನು ತೆಗೆದುಕೊಳ್ಳಲೂ ಕೈ ಹಿಂದೇಟು ಹಾಕುತ್ತದೆ ಅಂತ ನನಗೆ ಅನ್ನಿಸುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ಜೆಕರ್ಯ ಪ್ರವಾದಿ ಉದ್ಧಾರವಾದ ಯೆರೂಸಲೇಮನ್ನು ಹೇಗೆ ಕಂಡ ಗೊತ್ತಾ? ಕೋಲು ಹಿಡಿದ ಮುದುಕ ಮುದುಕಿಯರು ಚೌಕದಲ್ಲಿ ಕೂತಿರುತ್ತಾರೆ, ಬೀದಿ ತುಂಬ ಹುಡುಗ ಹುಡುಗಿಯರು ಆಡುತ್ತಿರುತ್ತಾರೆ. ದಾವೀದ ರಾಜ ದೇವರ ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನಿಟ್ಟಿದ್ದ ಪವಿತ್ರ ಪೆಟ್ಟಿಗೆಯ ಮುಂದೆ ಪೂರ್ತಿ ಬಲ ಹಾಕಿ ಕುಣಿದ. ಹೆಂಡತಿ ಮೀಕಲಳಿಗೆ ಅದು ಮಾನಗೇಡು ಅನ್ನಿಸಿತು. ಇನ್ನೂ ಹೀನನಾಗಲೂ ಸಿದ್ಧ ಅಂದ ಅವನು.

ಹದಿಮೂರನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಆಟವನ್ನೂ ಸದ್ಗುಣದ ಲೆಕ್ಕಕ್ಕೆ ಸೇರಿಸಿದರು. ಅಲ್ಲಿ ಅವರು ಹೇಳುವ ಒಂದು ಹಳೆಯ ಕಥೆ ಇದೆ. ಯೇಸುವಿನ ಶಿಷ್ಯರಾಗಿದ್ದ ಸಂತ ಯೊವಾನ್ನರು ತಮ್ಮ ಶಿಷ್ಯರ ಜೊತೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲು ಇತ್ತು. ಬಾಣ ಬಿಡು ಅಂದರು ಯೊವಾನ್ನರು. ಅವನು ಮತ್ತೆ ಮತ್ತೆ ಬಿಟ್ಟ. ಹೀಗೇ ಬಿಡುತ್ತಲೇ ಇರಬಲ್ಲೆಯಾ ಅಂದರು. ಇಲ್ಲ, ಬಿಲ್ಲು ಮುರಿದುಹೋಗುತ್ತದೆ ಅಂದ. ಮನಸ್ಸೂ ಹಾಗೆಯೇ ಅಂದರು.

ಇಟಲಿಯ ಸಂತ ಡಾನ್ ಬಾಸ್ಕೊ ಹುಡುಗನಾಗಿದ್ದಾಗ ಹಳ್ಳಿಯಲ್ಲಿ ಎರಡು ಮರಗಳ ಮಧ್ಯೆ ಹಗ್ಗ ಕಟ್ಟಿ ಅದರ ಮೇಲೆ ನಡೆಯುತ್ತಿದ್ದರು. ನೋಡಲು ಜನ ಸೇರುತ್ತಿದ್ದರು. ದುಡ್ಡು ಬೇಡ, ಮೊದಲು ಜಪಸರ ಹೇಳಬೇಕು, ಭಾನುವಾರದ ಪ್ರಸಂಗ ಕೇಳಬೇಕು, ಆಮೇಲೆ ಲಾಗ, ಹಗ್ಗದ ನಡಿಗೆ. ದೊಡ್ಡವರಾಗಿ ಗುರುಗಳಾದ ಮೇಲೂ ತೂರಿನ್‌ನ ಬೀದಿ ಹುಡುಗರಿಗೆ ಅವರು ಕೊಟ್ಟದ್ದು ಪ್ರಾರ್ಥನೆಯ ಜೊತೆಗೆ ಆಡುವ ಅಂಗಳ.

ಇದನ್ನು ನಿಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಿಮ್ಮ ಊರಿನ ಚರ್ಚಿನಲ್ಲಿ ಮಾಡುವುದು ಕಷ್ಟವೇನಲ್ಲ. ಫಾದರ್ ಹತ್ತಿರ ಒಂದು ಮಾತು ಕೇಳಿ. ಭಾನುವಾರ ಪೂಜೆಯ ನಂತರ ಒಂದು ಗಂಟೆ ಅಂಗಳ ಬೇಕು ಅನ್ನಿ. ಲಗೋರಿ, ಖೋ ಖೋ, ವಾಲಿಬಾಲ್, ಯಾವುದಾದರೂ ಸರಿ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಎರಡೂ ಅಮೆರಿಕದಲ್ಲಿ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘಗಳಲ್ಲೇ ಹುಟ್ಟಿದ್ದು. ದೇವಶಾಸ್ತ್ರ ಓದಿ ಬಂದ ಜೇಮ್ಸ್ ನೈಸ್ಮಿತ್ 1891ರ ಚಳಿಗಾಲದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿ ಕಟ್ಟಿಸಿ, ಬ್ಯಾಸ್ಕೆಟ್‌ಬಾಲ್‌ಗೆ ಹದಿಮೂರು ನಿಯಮ ಬರೆದರು. ಚೆಂಡು ಹಿಡಿದು ಓಡುವ ಹಾಗಿಲ್ಲ ಅನ್ನುವುದು ಅದರಲ್ಲೊಂದು. ಒಬ್ಬರನ್ನೊಬ್ಬರು ನೆಲಕ್ಕೆ ಕೆಡವಬಾರದು ಅನ್ನುವುದು ಅವರ ಕಾಳಜಿ.

ತಂಡ ಮಾಡುವಾಗ ವಯಸ್ಸು ಬೆರೆಸಿ. ಯುವಕರೇ ಒಂದು ಕಡೆ ಬೇಡ. ಚೆನ್ನಾಗಿ ಆಡುವವರ ಕೈಗೆ ಆಡಲು ಬಾರದವರನ್ನು ಕೊಡಿ. ಆಂಟಿಯರಿಗೆ ಮೊದಲ ಚೆಂಡು ಕೊಡಿ, ಇಲ್ಲದಿದ್ದರೆ ಅವರು ಗೋಡೆ ಪಕ್ಕದಲ್ಲೇ ನಿಂತುಬಿಡುತ್ತಾರೆ. ಜೆಕರ್ಯ ಹೇಳಿದ ಹಾಗೆ ಕೋಲು ಹಿಡಿದವರಿಗೆ ನೆರಳಿನಲ್ಲಿ ಕುರ್ಚಿ ಹಾಕಿ. ಅವರೂ ಆಟದ ಒಂದು ಭಾಗ. ಲಗೋರಿಯ ಕಲ್ಲು ಬಿದ್ದಾಗ ಮೊದಲು ಕೂಗುವವರು ಅವರೇ.

ಅಂಕ ಇಡಬೇಕಾ? ಇಡಿ. ಗೆಲ್ಲಬೇಕು ಅಂತ ಆಡದಿದ್ದರೆ ಆಟಕ್ಕೆ ಉಪ್ಪಿರುವುದಿಲ್ಲ. ಆದರೆ ಬರೆದಿಡಬೇಡಿ.

ರಾತ್ರಿ ಮಲಗುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವತ್ತು ಆಟದಲ್ಲಿ ಯಾವ ಗಳಿಗೆಯಲ್ಲಿ ನನ್ನನ್ನೇ ಮರೆತೆ? ಯಾವ ಗಳಿಗೆಯಲ್ಲಿ ಸಿಟ್ಟು ಬಂತು? ಮೊದಲನೆಯದಕ್ಕೆ ಕೃತಜ್ಞತೆ, ಎರಡನೆಯದಕ್ಕೆ ಕ್ಷಮೆ. ಸಂತ ಇಗ್ನೇಷಿಯಸ್ ಕಲಿಸಿದ ದಿನದ ಪರಿಶೀಲನೆಯನ್ನು ನಾನು ಆಟಕ್ಕೆ ಹೊಂದಿಸಿಕೊಂಡದ್ದು ಹೀಗೆ.

ನಿಲ್ಲಿಸುವುದನ್ನೂ ಕಲಿಯಿರಿ

ಎರಿಕ್ ಲಿಡೆಲ್ ಕಥೆ ಹಲವರಿಗೆ ಗೊತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಮೊದಲ ಸುತ್ತು ಭಾನುವಾರ ಇದೆ, ಅದು ದೇವರ ದಿನ ಅಂತ ಈ ಸ್ಕಾಟ್ಲೆಂಡಿನ ಓಟಗಾರ ಅದನ್ನು ಬಿಟ್ಟುಕೊಟ್ಟರು. ನಾನೂರು ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಮರುವರ್ಷವೇ ಮಿಷನರಿಯಾಗಿ ತಾವು ಹುಟ್ಟಿದ ಚೀನಾಕ್ಕೆ ಹೊರಟರು.

ನನಗೆ ಜಾಸ್ತಿ ಇಷ್ಟವಾಗುವುದು ಕಥೆಯ ಕೊನೆಯ ಭಾಗ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ವೇಯ್‌ಶಿಯನ್ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಅವರು ಮಕ್ಕಳಿಗೆ "ಎರಿಕ್ ಅಂಕಲ್". ಆಟ ಆಡಿಸುತ್ತಿದ್ದರು, ಮುರಿದ ಹಾಕಿ ಕೋಲು ಸರಿ ಮಾಡಿಕೊಡುತ್ತಿದ್ದರು. ಭಾನುವಾರ ಮಾತ್ರ ಆಟವಿಲ್ಲ. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಆಮೇಲೆ ಭಾನುವಾರವೂ ಅವರೇ ಮೈದಾನಕ್ಕಿಳಿದು ರೆಫರಿಯಾಗಿ ನಿಂತರು. ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದರು. 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ, ಮೆದುಳಿನ ಗೆಡ್ಡೆಯಿಂದ ಆ ಶಿಬಿರದಲ್ಲೇ ತೀರಿಕೊಂಡರು.

ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ ಇಟ್ಟುಕೊಳ್ಳಿ. ಓಟ ಇಲ್ಲದೆ ಆ ದಿನ ಚಡಪಡಿಕೆ ಆಗುತ್ತಿದ್ದರೆ ಅದು ಎಚ್ಚರಿಕೆ. ಮನಸ್ಸು ಕುಸಿದಾಗಲೂ ಮೊದಲು ಓಡಲು ಹೋಗಬೇಡಿ. ಎಲೀಯ ಪ್ರವಾದಿ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ತಿಂದ. ನಲವತ್ತು ದಿನದ ನಡಿಗೆ ಅದರ ನಂತರ.

ಮೈ ಕೇಳದವರಿಗೂ ಈ ದಾರಿ ಮುಚ್ಚಿಲ್ಲ. ಹಾಸಿಗೆ ಹಿಡಿದಿರುವ ನಮ್ಮ ಸೋದರತ್ತೆ ಎರಡೂ ಅಂಗೈ ಮೇಲಕ್ಕೆ ತಿರುಗಿಸಿ, ಉಸಿರು ಎಳೆಯುವಾಗ ಬೆರಳು ಬಿಚ್ಚುತ್ತಾರೆ, ಬಿಡುವಾಗ ಮಡಚುತ್ತಾರೆ. ಹತ್ತು ಸಲ ಮಾಡುವಷ್ಟರಲ್ಲಿ ಅವರ ಹಣೆ ಬೆವರುತ್ತದೆ.

ವರ್ಷಕ್ಕೊಂದು ಉದ್ದ ನಡಿಗೆ

ಆಗಸ್ಟ್ ತಿಂಗಳಲ್ಲಿ ಕಾವಿ ಬಟ್ಟೆ ತೊಟ್ಟು ತಮಿಳುನಾಡಿನ ವೇಳಾಂಗಣಿ ಮಾತೆಯ ದೇವಾಲಯಕ್ಕೆ ನಡೆದು ಹೋಗುವವರನ್ನು ನೀವು ನೋಡಿರಬಹುದು. ಐರ್ಲೆಂಡಿನಲ್ಲಿ ಜುಲೈ ಕೊನೆಯ ಭಾನುವಾರ ಜನ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಮೊದಲ ವರ್ಷವೇ ಅಷ್ಟು ದೂರ ಬೇಡ. ಬೆಂಗಳೂರಿನವರು ಒಂದು ಗುರುವಾರ ಬೆಳಿಗ್ಗೆ ಮನೆಯಿಂದ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ನಡೆದು ಹೋಗಿ. ಕರಾವಳಿಯವರಿಗೆ ಕಾರ್ಕಳದ ಅತ್ತೂರು ಚರ್ಚ್ ಇದೆ. ಹೊಸ ಶೂ ಹಾಕಬೇಡಿ, ಹಳೆಯದೇ ಇರಲಿ. ಎರಡು ಜೊತೆ ಕಾಲುಚೀಲ, ನೀರು, ಒಆರ್‌ಎಸ್ ಪೊಟ್ಟಣ, ಒಂದಿಷ್ಟು ಕಡಲೆ ಮಿಠಾಯಿ. ಮೊದಲ ಒಂದು ಗಂಟೆ ಜೊತೆಯವರ ಜೊತೆ ಮಾತಾಡಿಕೊಂಡು ಹೋಗಿ. ಆಮೇಲೆ ಒಂದು ಗಂಟೆ ಮಾತು ಬೇಡ.

ತಲುಪಿದ ತಕ್ಷಣ ಒಳಗೆ ನುಗ್ಗಬೇಡಿ. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ. ಕಾಲು ಬಿಸಿಯಾಗಿ ಬಡಿದುಕೊಳ್ಳುತ್ತಿರುತ್ತದೆ, ಪಾದಕ್ಕೆ ತಣ್ಣನೆಯ ಕಲ್ಲು ತಾಗುತ್ತದೆ. ಉಸಿರು ತಹಬಂದಿಗೆ ಬರುವವರೆಗೆ ಅಲ್ಲೇ ಸುಮ್ನೆ ಕೂತಿರಿ.